ಎಂಜಿನ್ ಎಕ್ಸ್ ಇನ್‌ಸ್ಟಾಲ್ ಆಗ್ತಿಲ್ಲ, ಪ್ಯಾಕೇಜೇ ಇಲ್ಲ ಅಂತಿದೆ – ಪರಿಹಾರ ಸಿಕ್ಕಿದೆ

ಇಂಡಿನಿಂಬೆ, ವಿಜಯಪುರ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಸುಮ್ನೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಉಬುಂಟು 22.04 ಅನ್ನುವ ಲಿನಕ್ಸ್ ಹಾಕಿದ್ದೇನೆ. ಅದನ್ನೇ ಚಿಕ್ಕ ವೆಬ್ ಸರ್ವರ್ ಮಾಡಿ ಕಲಿಯಬೇಕು ಅಂತ ಆಸೆ. ಬೆಂಗಳೂರಲ್ಲಿ ಇದೇ ಕೆಲಸ ಮಾಡುವ ನಮ್ಮ ಮಾಮಾ ಫೋನಲ್ಲಿ ಹೇಳಿಕೊಡುತ್ತಾರೆ. ಮೊನ್ನೆ ಅವರು "ಮೊದಲ ಎಂಜಿನ್ ಎಕ್ಸ್ ಹಾಕಪಾ, ಮುಂದಿಂದು ರಾತ್ರಿ ನೋಡೂಣು" ಅಂದು ಫೋನ್ ಇಟ್ಟರು.

ನಾನು ಟರ್ಮಿನಲ್ ತೆಗೆದು, ಗಾಡಿಯ ಎಂಜಿನ್‌ಗೆ ಬರೆಯುವ ಸ್ಪೆಲಿಂಗನ್ನೇ ಬರೆದು, ಕೊನೆಗೆ ಒಂದು ಎಕ್ಸ್ ಅಂಟಿಸಿ, ಸಾಫ್ಟ್‌ವೇರ್ ಹಾಕುವ ಆಪ್ಟ್ ಇನ್‌ಸ್ಟಾಲ್ ಆಜ್ಞೆ ಕೊಟ್ಟೆ. "ಅನೇಬಲ್ ಟು ಲೊಕೇಟ್ ಪ್ಯಾಕೇಜ್" ಅಂತ ಬಂತು. ನಡುವೆ ಅಡ್ಡಗೆರೆ ಹಾಕಿ ನೋಡಿದೆ. ಎಕ್ಸ್ ದೊಡ್ಡಕ್ಷರ ಮಾಡಿ ನೋಡಿದೆ. ಆಪ್ಟ್ ಅಪ್‌ಡೇಟ್ ಮೂರು ಸಲ ಮಾಡಿದೆ. ಸರ್ವರ್ ಪಟ್ಟಿ ಹಾಳಾಗಿರಬಹುದು ಅಂದುಕೊಂಡು ಅದನ್ನೂ ಬದಲಾಯಿಸಿದೆ. ಎರಡು ಸಂಜೆ ಹೋಯಿತು. ಮಾಮಾಗೆ ಮತ್ತೆ ಫೋನ್ ಮಾಡಿ "ಹೆಸರು ಹೆಂಗ ಬರೀಬೇಕು" ಅಂತ ಕೇಳೋಕೆ ನಾಚಿಕೆ ಆಗುತ್ತಿದೆ, ಇಷ್ಟೂ ಗೊತ್ತಿಲ್ವಾ ಅಂದುಬಿಟ್ಟರೆ? ಉಬುಂಟು ಮತ್ತೆ ಮೊದಲಿಂದ ಹಾಕಬೇಕಾ?

ಘಟಪ್ರಭಾ, ಗೋಕಾಕ:

ಬೇಡ ಬೇಡ, ಮತ್ತೆ ಹಾಕಬೇಡಿ. ಸ್ಪೆಲಿಂಗ್ ತಪ್ಪಿದೆ ಅಷ್ಟೇ. ಯಾರಾದರೂ ಸರಿಯಾಗಿ ಬಿಡಿಸಿ ಹೇಳಿ, ನಾನು ಬಸ್ಸಿನಲ್ಲಿದ್ದೇನೆ.

ಕೋಟೆಕೆರೆ, ಬೆಳಗಾವಿ:

ತಮ್ಮಾ, ನಿನ್ನ ಲ್ಯಾಪ್‌ಟಾಪ್ ಸರಿ ಇದೆ, ನೆಟ್ ಸರಿ ಇದೆ, ನಿಮ್ಮ ಮಾಮಾ ಹೇಳಿದ ಉಚ್ಚಾರವೂ ಸರಿಯೇ ಇದೆ. ಅದನ್ನು ಎಂಜಿನ್ ಎಕ್ಸ್ ಅಂತಲೇ ಅನ್ನಬೇಕು. ಆದರೆ ಬರೆಯುವಾಗ ಐದೇ ಅಕ್ಷರ: ಎನ್, ಜಿ, ಐ, ಎನ್, ಎಕ್ಸ್. ಎಲ್ಲಾ ಸಣ್ಣಕ್ಷರ, ನಡುವೆ ಜಾಗ ಇಲ್ಲ. ಮೊದಲಿನ ಎನ್ ಅಕ್ಷರದ ಹೆಸರನ್ನೇ ಹೇಳಿ, ನಡುವಿನ ಮೂರನ್ನು ಕೂಡಿಸಿ "ಜಿನ್" ಅಂದು, ಕೊನೆಗೆ ಎಕ್ಸ್ ಅಂದರೆ ಎಂಜಿನ್ ಎಕ್ಸ್ ಆಯಿತು. ರಷ್ಯಾದ ಇಗೋರ್ ಸಿಸೋಯೆವ್ ಇದನ್ನು ಬರೆದು 2004ರಲ್ಲಿ ಎಲ್ಲರಿಗೂ ಬಿಟ್ಟರು. ಬರಹದಲ್ಲಿ ಮೊದಲು ನೋಡಿದವರು "ಎನ್‌ಗಿಂಕ್ಸ್" ಅಂತ ಓದುತ್ತಾರೆ, ಕಿವಿಯಲ್ಲಿ ಮೊದಲು ಕೇಳಿದವರು ನಿನ್ನ ಹಾಗೆ ಗಾಡಿ ಎಂಜಿನ್ ಬರೆಯುತ್ತಾರೆ. ಎರಡೂ ಕಡೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ದಾರಿ ಹೇಳುತ್ತೇನೆ. ಹೆಸರು ಗೊತ್ತಿಲ್ಲದಿದ್ದರೆ ಕೆಲಸದ ಮೇಲೆ ಹುಡುಕು. ಆಪ್ಟ್ ಸರ್ಚ್ ಅನ್ನುವ ಆಜ್ಞೆ ಪ್ಯಾಕೇಜಿನ ಹೆಸರಲ್ಲಷ್ಟೇ ಅಲ್ಲ, ಅದರ ವಿವರಣೆಯಲ್ಲೂ ಹುಡುಕುತ್ತದೆ. ವೆಬ್, ಪ್ರಾಕ್ಸಿ, ಸರ್ವರ್ ಅಂತ ಮೂರು ಪದ ಕೊಟ್ಟರೆ ಪಟ್ಟಿ ಉದ್ದ ಬರುತ್ತದೆ, ಆದರೆ ನಿನಗೆ ಬೇಕಾದ್ದು ಅದರೊಳಗೇ ಇರುತ್ತದೆ. ಕಣ್ಣಿಗೆ ಬಿದ್ದ ಕೂಡಲೇ "ಓ ಇದಾ" ಅನ್ನಿಸುತ್ತದೆ.

ನಾಚಿಕೆ ಬಗ್ಗೆ ಒಂದು ಮಾತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಒಂದು ಆಫೀಸಿನ ನೆಟ್ ಪೂರ್ತಿ ನಿಂತುಹೋಗಿತ್ತು. ಸೀನಿಯರ್ ಫೋನಲ್ಲಿ "ರೂಟ್ ಚೆಕ್ ಮಾಡು" ಅಂದರು. ನಾನು ರೂಟ್ ಅಂದರೆ ಲಿನಕ್ಸಿನಲ್ಲಿ ಎಲ್ಲಾ ಅಧಿಕಾರ ಇರುವ ಆ ಯೂಸರ್ ಅಂದುಕೊಂಡೆ. ಅದರ ಪಾಸ್‌ವರ್ಡ್ ನೋಡಿದೆ, ಅದರ ಫೋಲ್ಡರ್ ನೋಡಿದೆ, "ಸರಿ ಇದೆ ಸರ್" ಅಂದೆ. ಅವರು ಕೇಳಿದ್ದು ನೆಟ್‌ನಲ್ಲಿ ಡೇಟಾ ಯಾವ ದಾರಿ ಹಿಡಿದು ಹೋಗುತ್ತದೆ ಅನ್ನುವ ಪಟ್ಟಿ, ಅಂದರೆ ಆರ್, ಒ, ಯು, ಟಿ, ಇ. ಬೇರು ಅನ್ನುವ ಪದಕ್ಕೂ ದಾರಿ ಅನ್ನುವ ಪದಕ್ಕೂ ನಮ್ಮ ಬಾಯಲ್ಲಿ ಒಂದೇ "ರೂಟ್". ಇಂಗ್ಲೆಂಡಿನವರ ಬಾಯಲ್ಲೂ ಒಂದೇ. ಅಮೆರಿಕದವರಲ್ಲಿ ಎಷ್ಟೋ ಜನ ದಾರಿಗೆ "ರೌಟ್" ಅನ್ನುತ್ತಾರೆ, ಅದಕ್ಕೇ ನಮ್ಮಲ್ಲಿ ಒಂದೇ ಡಬ್ಬಿಗೆ ಕೆಲವರು ರೂಟರ್, ಕೆಲವರು ರೌಟರ್ ಅನ್ನುವುದು. ಆ ರಾತ್ರಿ "ಯಾವ ರೂಟ್ ಸರ್, ಸ್ಪೆಲಿಂಗ್ ಹೇಳಿ" ಅಂತ ಒಂದು ಮಾತು ಕೇಳಿದ್ದರೆ ಅಷ್ಟು ಜನ ಕಾಯಬೇಕಿರಲಿಲ್ಲ. ಅಂದಿನಿಂದ ನಾನು ಯಾರ ಹತ್ತಿರವಾದರೂ ಕೇಳುತ್ತೇನೆ. ನೀನೂ ಕೇಳು. ನಿಮ್ಮ ಮಾಮಾಗೂ ಯಾವಾಗಲೋ ಯಾರೋ ಇದನ್ನು ಬಿಡಿಸಿ ಹೇಳಿರಲೇಬೇಕು.

ಫೋನಲ್ಲಿ ಸ್ಪೆಲಿಂಗ್ ಹೇಳುವಾಗ ಬಿ, ಡಿ, ಪಿ, ಟಿ ಎಲ್ಲಾ ಒಂದೇ ಥರ ಕೇಳುತ್ತದೆ. ಎಂ ಮತ್ತು ಎನ್ ಅಂತೂ ಕೇಳಲೇಬೇಡ. ನಮ್ಮ ಕೆಲಸದ ಕಡೆ ನಾವು ಊರಿನ ಹೆಸರು ಹಿಡಿಯುತ್ತೇವೆ. ನಿನ್ನದು ಹೀಗೆ: ನಿಪ್ಪಾಣಿ, ಗೋಕಾಕ, ಇಂಡಿ, ನಿಪ್ಪಾಣಿ, ಎಕ್ಸ್-ರೇ. ಜಿ ಮತ್ತು ಜೆ ಗೊಂದಲ ಆದರೆ ಗೋಕಾಕ, ಜಮಖಂಡಿ. ಎಂ ಅಂದರೆ ಮುಧೋಳ, ಕೆ ಅಂದರೆ ಖಾನಾಪುರ, ಟಿ ಅಂದರೆ ತಾಳಿಕೋಟೆ. ಎಕ್ಸ್‌ಗೆ ಮಾತ್ರ ನಮ್ಮ ಕಡೆ ಊರಿಲ್ಲ. ನಿಮ್ಮ ಊರಿನದು ಒಂದು ಎಚ್ಚರ ಇರಲಿ: 2014ರ ನವೆಂಬರ್ 1ರಂದು ಹೆಸರು ಬದಲಾಗಿದೆ, ಹಿರಿಯರು ಇನ್ನೂ ಬಿಜಾಪುರ ಅನ್ನುತ್ತಾರೆ. ಬಿ ಮತ್ತು ವಿ ಎರಡಕ್ಕೂ ಒಂದೇ ಊರು ನೆನಪಾದರೆ ಕಷ್ಟ. ಅದಕ್ಕೇ ನಾವು ಬಿಗೆ ಬಾದಾಮಿ ಅಂತ ಇಟ್ಟುಕೊಂಡಿದ್ದೇವೆ.

ಇಳಕಲ್‌ಸೆರಗು, ಬಾಗಲಕೋಟೆ:

ಕೋಟೆಕೆರೆ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಇಲ್ಲಿ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಜಾಸ್ತಿ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ, ಅದೇ ಅಭ್ಯಾಸದಲ್ಲಿ ಅವರು ಕ್ಯಾಶ್ (ಬೇಗ ಸಿಗಲಿ ಅಂತ ಡೇಟಾ ಹತ್ತಿರ ಇಟ್ಟುಕೊಳ್ಳುವ ಜಾಗ) ಅನ್ನುವುದನ್ನು "ಕ್ಯಾಚೆ" ಅಂತ ಓದುತ್ತಾರೆ. ಅದು ಬಚ್ಚಿಡುವುದು ಅನ್ನುವ ಫ್ರೆಂಚ್ ಪದದಿಂದ ಬಂದದ್ದು, ಆದ್ದರಿಂದ ಕೊನೆಯಲ್ಲಿ ಶ್. ದುಡ್ಡಿನ ಕ್ಯಾಶ್ ಥರವೇ. ಒಂದು ಸಲ ಒಬ್ಬ ಹುಡುಗ ಸೆಮಿನಾರಿನಲ್ಲಿ "ಕ್ಯಾಚೆ ಮೆಮೊರಿ" ಅಂದಾಗ ಹಿಂದಿನ ಬೆಂಚು ನಕ್ಕಿತು. ಅವನು ಆಮೇಲೆ ಆ ಸೆಮಿಸ್ಟರ್ ಪೂರ್ತಿ ಬಾಯಿ ಬಿಡಲಿಲ್ಲ. ವಿಷಯ ಅವನಿಗೆ ನಕ್ಕವರೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದು ನನಗೆ ಈಗಲೂ ನೋವು.

ಅದಾದ ಮೇಲೆ ನಾನು ಒಂದು ಪದ್ಧತಿ ಮಾಡಿದೆ. ಪ್ರತಿ ಹೊಸ ಹೆಸರಿಗೂ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ. ಒಂದರಲ್ಲಿ ಯಂತ್ರಕ್ಕೆ ಬರೆಯುವ ಸ್ಪೆಲಿಂಗ್, ಇನ್ನೊಂದರಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ. ಉಚ್ಚಾರ ಬರೆದಿಡೋಕೆ ನಮ್ಮ ಲಿಪಿಯಷ್ಟು ಅನುಕೂಲ ಇನ್ನೊಂದಿಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಸ್ವತಂತ್ರ ಸಾಫ್ಟ್‌ವೇರ್ ಯೋಜನೆಯ ಹೆಸರನ್ನೇ ನೋಡಿ: ಜಿ, ಎನ್, ಯು. ಜಿ ಮತ್ತು ಎನ್ ಒಟ್ಟಿಗೆ ಹೇಗೆ ಅನ್ನಬೇಕು ಅಂತ ಇಂಗ್ಲಿಷಿನವರಿಗೆ ಉದ್ದ ವಿವರಣೆ ಕೊಡಬೇಕಾಯಿತು. ನಮ್ಮ ಮಕ್ಕಳಿಗೆ ನಾನು ಬೋರ್ಡಿನ ಮೇಲೆ "ಗ್ನೂ" ಅಂತ ಬರೆದೆ, ಅಗ್ನಿಯ ಗ್ನ ಅಂದೆ, ಮುಗಿಯಿತು.

ಪುಸ್ತಕದ ಪುಟ ಜೋಡಿಸೋಕೆ ಡೊನಾಲ್ಡ್ ಕನೂತ್ ಮಾಡಿದ ಟೆಕ್ ಅನ್ನುವ ಸಾಫ್ಟ್‌ವೇರ್ ಇನ್ನೂ ಸ್ವಾರಸ್ಯ. ಅದರ ಕೊನೆಯ ಅಕ್ಷರ ಎಕ್ಸ್ ಥರ ಕಾಣುತ್ತದೆ, ಆದರೆ ಅದು ಗ್ರೀಕಿನ ಖಿ. ಅವರು ಬಯಸಿದ ಉಚ್ಚಾರ ಗಂಟಲಿನ ಹತ್ತಿರ ಉಜ್ಜಿಕೊಂಡು ಬರುವ ಒಂದು ಉಸಿರು. ಅದು ನಮಗೆ ಹೊಸದೇನಲ್ಲ. "ದುಃಖ" ಅನ್ನುವಾಗ ಖ ಬರೋ ಮೊದಲು ವಿಸರ್ಗ ಬರುತ್ತಲ್ವಾ, ಅದನ್ನು ಸರಿಯಾಗಿ ಅಂದರೆ ಅದೇ ಸದ್ದು. ಹಳೆಯ ವ್ಯಾಕರಣದಲ್ಲಿ ಅದಕ್ಕೆ ಜಿಹ್ವಾಮೂಲೀಯ ಅಂತ ಹೆಸರೇ ಇದೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ವಿಟಿಯು ಹುಡುಗರು ಟೆಕ್ ಮೇಲೆ ಕಟ್ಟಿದ ಸಾಫ್ಟ್‌ವೇರಿಗೆ "ಲೇಟೆಕ್ಸ್" ಅನ್ನುತ್ತಾರೆ, ಅದು ರಬ್ಬರಿನ ಹೆಸರಾಯಿತು. ಲೇಟೆಕ್ ಅಥವಾ ಲಾಟೆಕ್, ಎರಡೂ ನಡೆಯುತ್ತದೆ.

ಆದರೆ ಎಲ್ಲದರಲ್ಲೂ ಹೆಸರಿಟ್ಟವರ ಮಾತನ್ನೇ ಕೇಳಬೇಕು ಅಂತ ನಾನು ಹೇಳುವುದಿಲ್ಲ. 1987ರಲ್ಲಿ ಕಂಪ್ಯೂಸರ್ವ್ ಕಂಪನಿಯಲ್ಲಿ ಅಲುಗಾಡುವ ಚಿತ್ರದ ಫೈಲ್ ಮಾಡಿದ ಸ್ಟೀವ್ ವಿಲ್‌ಹೈಟ್ ಅದನ್ನು ಜಿಫ್ ಅನ್ನಿ ಅಂದರು. 2013ರಲ್ಲಿ ಪ್ರಶಸ್ತಿ ತಗೊಂಡಾಗಲೂ ಅದನ್ನೇ ಹೇಳಿದರು. ಅವರ ಮೇಲೆ ನನಗೆ ಗೌರವ ಇದೆ. ಆದರೂ ನಾನು ಮಕ್ಕಳಿಗೆ "ಗಿಫ್" ಅನ್ನೋಕೆ ಹೇಳುತ್ತೇನೆ. ಯಾಕೆಂದರೆ ನಮ್ಮ ಬಾಯಲ್ಲಿ ಗಂಟು ಕಟ್ಟಿದ ಫೈಲಿಗೆ "ಜಿಪ್". ಜಿಫ್, ಜಿಪ್ ಎರಡೂ ಫೋನಲ್ಲಿ ಒಂದೇ. ನನ್ನ ತಂಗಿಯ ಮದುವೆ ಪತ್ರಿಕೆಯ ಚಿತ್ರಗಳನ್ನು "ಜಿಪ್ ಮಾಡಿ ಕಳಿಸ್ರಿ" ಅಂತ ಪ್ರಿಂಟಿಂಗ್ ಅಂಗಡಿಯವರು ಅಂದರು. ನಮ್ಮ ತಮ್ಮ ಒಂದೊಂದನ್ನೂ ಗಿಫ್ ಮಾಡಿ ಕಳಿಸಿದ. ಆ ಫೈಲಿನಲ್ಲಿ ಬಣ್ಣ 256ಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ, ಅರಿಶಿನ ಕುಂಕುಮದ ಬಣ್ಣವೆಲ್ಲ ಚುಕ್ಕಿ ಚುಕ್ಕಿ ಆಗಿ ಬಂತು.

ಘಟಪ್ರಭಾ, ಗೋಕಾಕ:

ಮನೆ ಮುಟ್ಟಿದೆ. ಅಕ್ಕಾವ್ರೇ, ಒಂದು ಸಂದೇಹ. ಮುಂದಿನ ವಾರ ನನಗೆ ಇಂಟರ್‌ವ್ಯೂ ಇದೆ. ಡೇಟಾಬೇಸಿನ ಭಾಷೆಗೆ ಎಸ್‌ಕ್ಯೂಎಲ್ ಅಂತ ಅಕ್ಷರ ಬಿಡಿಸಿ ಅನ್ನಬೇಕಾ, "ಸೀಕ್ವೆಲ್" ಅನ್ನಬೇಕಾ? ಸೀಕ್ವೆಲ್ ಅಂದರೆ ಅನುಭವಸ್ಥ ಅನ್ನಿಸುತ್ತೆ ಅಂತ ಗೆಳೆಯರು ಹೇಳುತ್ತಾರೆ.

ಇಳಕಲ್‌ಸೆರಗು, ಬಾಗಲಕೋಟೆ:

ಎರಡೂ ಸರಿ, ನಿಮ್ಮ ಬಾಯಿಗೆ ಯಾವುದು ರೂಢಿಯೋ ಅದನ್ನೇ ಅನ್ನಿ. 1970ರ ದಶಕದಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇದನ್ನು ಮಾಡಿದಾಗ ಹೆಸರೇ ಸೀಕ್ವೆಲ್ ಇತ್ತು. ಆ ಹೆಸರು ಬ್ರಿಟನ್ನಿನ ಒಂದು ವಿಮಾನ ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು, ಆದ್ದರಿಂದ ನಡುವಿನ ಸ್ವರಗಳನ್ನು ಕಿತ್ತು ಎಸ್‌ಕ್ಯೂಎಲ್ ಮಾಡಿದರು. ಹೆಸರು ಹೋದರೂ ಉಚ್ಚಾರ ಉಳಿಯಿತು. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನವರು ತಮ್ಮ ಹೆಸರಿನ ಬಗ್ಗೆ ಕೈಪಿಡಿಯಲ್ಲೇ ಅಕ್ಷರ ಬಿಡಿಸಿ ಹೇಳುವುದು ಅಧಿಕೃತ, ಸೀಕ್ವೆಲ್ ಅಂದರೂ ಬೇಜಾರಿಲ್ಲ ಅಂತ ಬರೆದಿದ್ದಾರೆ. ಇಂಟರ್‌ವ್ಯೂನಲ್ಲಿ ಇದನ್ನು ನೋಡಿ ಅಳೆಯುವವರು ಇದ್ದರೆ ಅದು ಅವರ ತಪ್ಪು. ನೀವು ಟೇಬಲ್‌ಗಳನ್ನು ಕೂಡಿಸುವ ಜಾಯಿನ್ ಚೆನ್ನಾಗಿ ಓದಿಕೊಳ್ಳಿ, ಅಲ್ಲೇ ಜಾಸ್ತಿ ಕೇಳುವುದು.

ಇಂಡಿನಿಂಬೆ, ವಿಜಯಪುರ:

ಐದಕ್ಷರ ಬರೆದೆ, ಒಂದೇ ನಿಮಿಷಕ್ಕೆ ಇನ್‌ಸ್ಟಾಲ್ ಆಯಿತು! ತುಂಬಾ ತುಂಬಾ ಥ್ಯಾಂಕ್ಸ್. ಆದರೆ ಈಗ ಅದು ಶುರು ಆಗುತ್ತಿಲ್ಲ. "ಅಡ್ರೆಸ್ ಆಲ್ರೆಡಿ ಇನ್ ಯೂಸ್", 98 ಅಂತ ಎರರ್. ನನ್ನ ಅಡ್ರೆಸ್ ಯಾರು ಉಪಯೋಗಿಸುತ್ತಿದ್ದಾರೆ? ಹೋದ ತಿಂಗಳು ಕಾಲೇಜಿನಲ್ಲಿ ಹೇಳಿದ್ದರು ಅಂತ ಅಪಾಚೆ ಹಾಕಿ ನೋಡಿದ್ದೆ, ಅದೇನಾದರೂ ತೊಂದರೆ ಕೊಡುತ್ತಾ?

ಕೋಟೆಕೆರೆ, ಬೆಳಗಾವಿ:

ಅದೇ. ಎರಡೂ ವೆಬ್ ಸರ್ವರ್, ಎರಡೂ 80ನೇ ಪೋರ್ಟ್, ಅಂದರೆ ವೆಬ್ ಪುಟ ಕೇಳಿ ಬರುವವರ ಬಾಗಿಲು, ತನಗೇ ಬೇಕು ಅನ್ನುತ್ತವೆ. ಮೊದಲು ಬಂದದ್ದು ಹಿಡಿದುಕೊಂಡು ಕೂತಿದೆ. ಅದನ್ನು ನಿಲ್ಲಿಸು, ಮತ್ತೆ ಲ್ಯಾಪ್‌ಟಾಪ್ ಹಚ್ಚಿದಾಗ ತಾನೇ ಏಳದ ಹಾಗೆ ಡಿಸೇಬಲ್ ಕೂಡ ಮಾಡು. ನಾವು ಸಿಸ್ಟಮ್ ಕಂಟ್ರೋಲ್ ಅನ್ನುತ್ತೇವೆ, ಆದರೆ ಟೈಪ್ ಮಾಡುವಾಗ ಸಿಸ್ಟಮ್ ಆದ ಮೇಲೆ ಸಿ, ಟಿ, ಎಲ್ ಮೂರೇ ಅಕ್ಷರ. ಅದಾದ ಮೇಲೆ ಸ್ಟಾಪ್, ಆಮೇಲೆ ಅಪಾಚೆ, ಅದರ ಹಿಂದೇ ಜಾಗ ಬಿಡದೆ ಅಂಕಿ 2. ಉಬುಂಟುವಿನಲ್ಲಿ ಅದರ ಹೆಸರೇ ಹಾಗೆ, ಆ 2 ಬಿಟ್ಟರೆ ಸಿಗುವುದಿಲ್ಲ. ಅದೇ ಸಾಲನ್ನು ಸ್ಟಾಪ್ ಬದಲು ಡಿಸೇಬಲ್ ಅಂತ ಹಾಕಿ ಇನ್ನೊಂದು ಸಲ ಕೊಡು. ಆಮೇಲೆ ಸ್ಟಾರ್ಟ್ ಅಂತ ಹಾಕಿ, ಅಪಾಚೆ ಬದಲು ಆ ಐದಕ್ಷರ ಬರೆದು ಎಂಜಿನ್ ಎಕ್ಸ್ ಶುರು ಮಾಡು.

ಇಂಗ್ಲಿಷಿನವರು ಅದನ್ನು "ಅಪ್ಯಾಚಿ" ಅನ್ನುತ್ತಾರೆ. ನಮ್ಮ ಕಡೆ ಬೈಕಿನಿಂದಾಗಿ ಅಪಾಚೆ ಅಂತಲೇ ರೂಢಿ ಆಗಿದೆ. ನಮ್ಮ ನಮ್ಮಲ್ಲಿ ಹಾಗೇ ಅನ್ನು, ಎಲ್ಲರಿಗೂ ತಿಳಿಯುತ್ತದೆ. ಹೊರದೇಶದವರ ಜೊತೆ ಕಾಲ್ ಇದ್ದರೆ ಮಾತ್ರ ಅವರ ಥರ ಅನ್ನು.

ಇನ್ನೊಂದು. ಈಗ ಬ್ರೌಸರಿನಲ್ಲಿ ತೆಗೆದಾಗ ಅಪಾಚೆಯ ಪುಟವೇ ಕಂಡರೆ ಗಾಬರಿ ಆಗಬೇಡ. ಎರಡೂ ಒಂದೇ ಫೋಲ್ಡರಿನಿಂದ ಪುಟ ತೆಗೆಯುತ್ತವೆ. ಅಪಾಚೆ ಬಿಟ್ಟುಹೋದ ಇಂಡೆಕ್ಸ್ ಫೈಲ್ ಅಲ್ಲೇ ಇರುತ್ತದೆ, ಇದು ಅದನ್ನೇ ತೋರಿಸುತ್ತದೆ. ಆ ಫೈಲಿನ ಹೆಸರು ಬದಲಾಯಿಸಿ ಪುಟ ಮತ್ತೆ ತೆಗೆ.

ಇಂಡಿನಿಂಬೆ, ವಿಜಯಪುರ:

ಸರ್, ನೀವು ಹೇಳಿದ ಹಾಗೇ ಆಯಿತು. ಮೊದಲು ಅಪಾಚೆ ಪುಟ ಬಂತು, ಫೈಲಿನ ಹೆಸರು ಬದಲಾಯಿಸಿದೆ, ಈಗ "ವೆಲ್‌ಕಮ್ ಟು ಎಂಜಿನ್ ಎಕ್ಸ್" ಅಂತ ಬರುತ್ತಿದೆ. ಅವ್ವನ ಮೊಬೈಲಿನಲ್ಲೂ ತೆಗೆದು ತೋರಿಸಿದೆ.

ರಾತ್ರಿ ಮಾಮಾಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. "ಸ್ಪೆಲಿಂಗ್ ನಾನ ಹೇಳಬೇಕಾಗಿತ್ತು, ನಿಂದೇನೂ ತಪ್ಪಿಲ್ಲ" ಅಂದರು. ಮುಂದಿನದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಅಂತೆ. ಅಲ್ಲೇ ನಿಲ್ಲಿಸಿ ಕೇಳಿದೆ. ಪ್ಯಾಕೇಜಿನ ಹೆಸರಲ್ಲಿ ಕೊನೆಗೆ ಎಸ್, ಕ್ಯೂ, ಎಲ್ ಕೂಡ ಬರೆಯಬೇಕಂತೆ, ಬಾಯಲ್ಲಿ ಮಾತ್ರ ಅದನ್ನು ಬಿಡುತ್ತಾರಂತೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ ಎರಡನ್ನೂ ಬರೆದುಕೊಂಡಿದ್ದೇನೆ.