ಆಯಿಯ ಕಣ್ಣಿಗೆ ಇಂಜೆಕ್ಷನ್: ಕ್ಯಾನ್ಸರ್ ಔಷಧಿಯನ್ನೇ ಹಾಕುತ್ತಾರಂತೆ, ಹೌದಾ?

ತೋಟದ ಮನೆಯವ (ಶಿರಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

ನಮ್ಮ ಆಯಿಗೆ 67 ವರ್ಷ. ಸಕ್ಕರೆ ಕಾಯಿಲೆ ಬಂದು 16 ವರ್ಷ ಆಯಿತು. ಶಿರಸಿಯಿಂದ ಒಳಗೆ ಒಂದೂವರೆ ಎಕರೆ ತೋಟ ನಮ್ಮದು. ಚಾಲಿ ಆರಿಸುವ ಕೆಲಸ ಯಾವತ್ತೂ ಆಯಿಯದೇ. ಅಡಿಕೆಯನ್ನು ಒಮ್ಮೆ ತಿರುಗಿಸಿ ನೋಡಿದರೆ ಸಾಕು, ಒಳ್ಳೆಯ ಚಾಲಿಯೋ, ಕಡಿಮೆ ದರ್ಜೆಯ ಕೋಕಾವೋ ಬಿಳೇಗೋಟೋ ಅಂತ ಹೇಳಿಬಿಡುತ್ತಿದ್ದಳು. ಈ ಸಲ ಮಾರ್ಚಿನಲ್ಲಿ ಮೂಟೆ ಸುರಿದಾಗ ವ್ಯಾಪಾರಿ ನಕ್ಕು, "ಈ ವರ್ಷ ಯಾರು ಮಾರಾಯ್ರೆ ಆರಿಸಿದ್ದು?" ಅಂದರು. ಚಾಲಿಯ ರಾಶಿಯಲ್ಲಿ ಬೊಗಸೆಗಟ್ಟಲೆ ಕೋಕಾ. ದರವೂ ಹೋಯಿತು, ಮರ್ಯಾದೆಯೂ ಹೋಯಿತು. ಮನೆಗೆ ಬಂದು ಸಿಟ್ಟು ಮಾಡಿದೆ. ಆಯಿ ಮಾತಾಡಲಿಲ್ಲ. ಮರುದಿನ ಚಾ ಕುಡಿಯುವಾಗ ಮೆಲ್ಲಗೆ, "ತಮಾ, ಬಾಗಿಲ ದಾರಂದ ನಡುವೆ ಸೊಟ್ಟ ಕಾಣ್ತು" ಅಂದಳು.

ಅದಕ್ಕೂ ಮೊದಲು ಒಂದು ಕಡೆ ಎರಡು ಸಲ ಕನ್ನಡಕ ಬದಲಾಯಿಸಿದ್ದರು. ಕಣ್ಣಿನ ಒಳಗೆ ಯಾರೂ ನೋಡಿರಲಿಲ್ಲ. ಕೊನೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿ, ರೆಟಿನಾದ, ಅಂದರೆ ಕಣ್ಣಿನ ಒಳಪರದೆಯ, ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿದೆ, ತಿಂಗಳಿಗೊಂದು ಇಂಜೆಕ್ಷನ್ ಬೇಕು ಅಂದರು. ಮೂರು ಔಷಧಿ ಹೇಳಿದರು. ಒಂದಕ್ಕೆ 6 ಸಾವಿರ, ಇನ್ನೊಂದಕ್ಕೆ 20ರ ಮೇಲೆ, ಮೂರನೆಯದಕ್ಕೆ 50ರ ಹತ್ತಿರ. ಅಗ್ಗದ್ದು ಕ್ಯಾನ್ಸರ್ ಔಷಧಿ ಅಂತ ಪಕ್ಕದ ಮನೆಯವರು ಹೇಳಿದ್ದೇ ಹೇಳಿದ್ದು, ಆಯಿ "ಎಂಗೆ ಬೇಡ್ದೇ ಬೇಡ" ಅಂತ ಕೂತಿದ್ದಾಳೆ. ಇದು ನಿಜವಾ? ಎಷ್ಟು ಇಂಜೆಕ್ಷನ್ ಬೇಕಾಗುತ್ತದೆ? ಸ್ಟೆಮ್ ಸೆಲ್‌ನಿಂದ ಒಂದೇ ಸಲಕ್ಕೆ ಗುಣ ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತಿದೆ, ಅದು ಹೇಗೆ?

ಗಜನಿ ಮಾಸ್ತರ (ಕುಮಟಾ)

ತಮ್ಮಾ, ನಾನು ಡಾಕ್ಟರ್ ಅಲ್ಲ. ಗಣಿತ ಕಲಿಸಿ ನಿವೃತ್ತನಾದವನು. ಆದರೆ ಇದೇ ರೋಗಕ್ಕೆ ನನ್ನ ಬಲಗಣ್ಣಿಗೆ 13 ಇಂಜೆಕ್ಷನ್ ಬಿದ್ದಿವೆ. ಪ್ರತಿ ಸಲ ಚಾರ್ಟಿನಲ್ಲಿ ಎಷ್ಟು ಅಕ್ಷರ ಓದಿದೆ ಅಂತ ಪಟ್ಟಿಯಲ್ಲಿ ಬರೆದಿಟ್ಟವನು ನಾನು. ಮಗಳು ನಗುತ್ತಾಳೆ, ನಗಲಿ.

ಮೊದಲು ಆಯಿಗೆ ರೋಗ ಏನು ಅಂತ ತಿಳಿಸಿ. ನಮ್ಮ ಅಘನಾಶಿನಿ ಹೊಳೆ ಕಡೆಯ ಗಜನಿ, ಅದೇ ಉಪ್ಪುನೀರಿನ ಬದಿಗೆ ಒಡ್ಡು ಕಟ್ಟಿದ ಗದ್ದೆ, ನೋಡಿದ್ದೀರಲ್ಲ. ಒಡ್ಡು ಗಟ್ಟಿ ಇದ್ದರೆ ಒಳಗೆ ಕಗ್ಗ ಭತ್ತ. ಒಡ್ಡಿನಲ್ಲಿ ಏಡಿ ತೂತು ಮಾಡಿದರೆ ಉಪ್ಪುನೀರು ಜಿನುಗಿ ಗದ್ದೆ ತುಂಬ ನಿಲ್ಲುತ್ತದೆ. ಕಣ್ಣಿನ ಸಣ್ಣ ರಕ್ತನಾಳಗಳೇ ಆ ಒಡ್ಡು. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದು ಅವು ಹಾಳಾಗುತ್ತವೆ. ಕೆಲವು ಕಡೆ ರಕ್ತವೇ ಹೋಗುವುದಿಲ್ಲ. ಆಗ ರೆಟಿನಾ ಉಸಿರು ಕಟ್ಟಿದವರ ಹಾಗೆ ವಿಇಜಿಎಫ್ ಅನ್ನುವ ಒಂದು ವಸ್ತುವನ್ನು ಬಿಡುತ್ತದೆ. ರಕ್ತನಾಳ ಬೆಳೆಯಲಿ ಅಂತ ಅದರ ಕರೆ. ಆದರೆ ಅದರಿಂದ ಇದ್ದ ನಾಳಗಳೂ ಸಡಿಲಾಗಿ ಇನ್ನೂ ಜಾಸ್ತಿ ಸೋರುತ್ತವೆ. ನೀರು ನಿಲ್ಲುವುದು ಸರಿಯಾಗಿ ನಡುವೆ, ನಾವು ಓದುವ, ಅಡಿಕೆ ಆರಿಸುವ ಜಾಗದಲ್ಲಿ. ದಾರಂದ ಸೊಟ್ಟ ಕಂಡಿದ್ದು ಅದಕ್ಕೇ.

ಇನ್ನು ಕ್ಯಾನ್ಸರ್ ಔಷಧಿಯ ಮಾತು. ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಬೆವಾಸಿಝುಮ್ಯಾಬ್ 2004ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಔಷಧಿ. ಕ್ಯಾನ್ಸರ್ ಗಡ್ಡೆಯೂ ರಕ್ತನಾಳ ಬೆಳೆಸಿಕೊಳ್ಳಲು ಇದೇ ವಿಇಜಿಎಫ್ ಬಳಸುತ್ತದೆ, ಔಷಧಿ ಅದನ್ನು ಕಟ್ಟಿಹಾಕುತ್ತದೆ. ಕಣ್ಣಿಗೆ ಅಂತಲೇ ಮಾಡಿದ ರಾನಿಬಿಝುಮ್ಯಾಬ್ ಬರುವ ಮೊದಲೇ, 2005ರಲ್ಲಿ ಮಯಾಮಿಯ ಡಾ. ಫಿಲಿಪ್ ರೋಸೆನ್‌ಫೆಲ್ಡ್ ಇದನ್ನೇ ಕಣ್ಣಿನೊಳಗೆ ಹಾಕಿ ನೋಡಿದರು. ಊತ ಇಳಿಯಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಣ್ಣಿನ ಔಷಧಿಯಾಗಿ ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು. ಲೆಕ್ಕ ನೋಡಿ: 50 ಕಿಲೋ ತೂಕದವರಿಗೆ ಕರುಳಿನ ಕ್ಯಾನ್ಸರ್ ಇದ್ದರೆ ಕಿಲೋಗೆ 5ರಂತೆ ಒಂದು ಸಲಕ್ಕೆ 250 ಮಿಲಿಗ್ರಾಂ. ಕಣ್ಣಿಗೆ ಹಾಕುವುದು 1.25. ಇನ್ನೂರರಲ್ಲಿ ಒಂದು ಪಾಲು. ಆಯಿಗೆ ಇಷ್ಟು ಹೇಳಿದರೆ ಸಾಕು.

ಮೂರರಲ್ಲಿ ಯಾವುದು ಅನ್ನುವುದಕ್ಕೆ, ಮೊದಲು ಅವರ ದೃಷ್ಟಿ ಎಷ್ಟು ಅಂತ ಚೀಟಿ ನೋಡಿ. 2015ರಲ್ಲಿ ಒಂದು ಅಧ್ಯಯನ ಹೊರಬಂತು. ಅಮೆರಿಕದ 89 ಕಡೆ ಇದೇ ಊತ ಇದ್ದ 660 ಜನರಲ್ಲಿ ಒಬ್ಬೊಬ್ಬರಿಗೆ ಮೂರರಲ್ಲಿ ಒಂದನ್ನು ಹಾಕಿ ಹೋಲಿಸಿದ್ದರು. ದೃಷ್ಟಿ 6/12 (ಒಳ್ಳೆಯ ಕಣ್ಣು 12 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವುದು; ಕೆಳಗಿನ ಅಂಕೆ ದೊಡ್ಡದಾದಷ್ಟೂ ದೃಷ್ಟಿ ಕಡಿಮೆ) ಅಥವಾ ಅದಕ್ಕಿಂತ ಚೆನ್ನಾಗಿದ್ದವರಿಗೆ ಒಂದು ವರ್ಷದ ನಂತರ ಮೂರೂ ಒಂದೇ, ಸುಮಾರು 8 ಅಕ್ಷರ ಜಾಸ್ತಿ ಓದಿದರು. ಅದಕ್ಕಿಂತ ಕೆಟ್ಟಿದ್ದವರಲ್ಲಿ ವ್ಯತ್ಯಾಸ ಬಂತು. ದುಬಾರಿಯ ಅಫ್ಲಿಬರ್ಸೆಪ್ಟ್‌ನಿಂದ ಸುಮಾರು 19 ಅಕ್ಷರ, ರಾನಿಬಿಝುಮ್ಯಾಬ್‌ನಿಂದ 14, ಅಗ್ಗದ್ದರಿಂದ 12. ಹಾಗಾಗಿ 6/18 ಅಂತ ಬರೆದಿದ್ದರೆ, ಸಾಲ ಮಾಡಿಯಾದರೂ ದುಬಾರಿಯದೇ ಹಾಕಿಸಿ ಅಂತ ನನ್ನ ಅಭಿಪ್ರಾಯ. ಇಂಜೆಕ್ಷನ್ ಮೊದಲ ವರ್ಷ 9, 10 ಬೇಕಾದವು, ಎರಡನೇ ವರ್ಷ 5, 6. ಅಂದರೆ ಜೀವನವಿಡೀ ತಿಂಗಳಿಗೊಂದು ಅಲ್ಲ.

ನೋವು? ಹನಿ ಹಾಕಿ ಮರಗಟ್ಟಿಸುತ್ತಾರೆ. ಕಂದು ಬಣ್ಣದ ಅಯೋಡಿನ್ ಹಾಕಿ, ರೆಪ್ಪೆಗೆ ಕ್ಲಿಪ್ ಇಡುತ್ತಾರೆ. ನನಗೆ ಆ ಕ್ಲಿಪ್ಪೇ ಕಿರಿಕಿರಿ, ಸೂಜಿ ಅಲ್ಲ. ಬಿಳಿಗುಡ್ಡೆಗೆ ಒಮ್ಮೆ ಒತ್ತಿದ ಹಾಗೆ, ಅಷ್ಟೇ. ಆಮೇಲೆ ನೀರಿನಲ್ಲಿ ಮಸಿ ಹನಿ ಬಿದ್ದು ಹರಡಿದ ಹಾಗೆ ಕಣ್ಣೆದುರು ಏನೋ ತೇಲುತ್ತದೆ. ಮೊದಲ ಸಲ ಕಣ್ಣೇ ಹೋಯಿತು ಅಂತ ಹೆದರಿ ರೈಲಿನಲ್ಲಿ ಉಡುಪಿಯಿಂದ ಕುಮಟಾದವರೆಗೆ ಮಾತೇ ಆಡಿರಲಿಲ್ಲ. ಮರುದಿನ ಹೋಗಿತ್ತು.

ನಮ್ಮ ಅಕ್ಕನಿಗೆ 90ರ ದಶಕದಲ್ಲಿ ಬರೀ ಲೇಸರ್ ಇತ್ತು. ಇದ್ದ ದೃಷ್ಟಿ ಹೋಗದಂತೆ ಹಿಡಿದಿಟ್ಟಿತು, ಹೋದದ್ದನ್ನು ತರಲಿಲ್ಲ. ಅವಳು ಕೊನೆಗೂ ಪಂಚಾಂಗ ಓದಲಿಲ್ಲ.

ಅಂಕೋಲೆ ಹುಡುಗಿ

ಮಾಸ್ತರ್ರೇ, ಲೆಕ್ಕ ಸರಿ. ಆದರೆ ಸಾಲ ಮಾಡಿ ಅನ್ನಬೇಡಿ, ದಮ್ಮಯ್ಯ. ನಾನು ಕಣ್ಣಿನ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಮೊದಲ ಎರಡು ದುಬಾರಿ ಇಂಜೆಕ್ಷನ್ ಹಾಕಿಸಿ, ದುಡ್ಡು ಮುಗಿದು ಮೂರನೆಯದಕ್ಕೆ ಬರದೇ ಹೋದವರನ್ನು ವಾರಕ್ಕೊಬ್ಬರು ನೋಡುತ್ತೇನೆ. ಆ ಕಣ್ಣು ಮತ್ತೆ ಊದುತ್ತದೆ.

ನೀವು ಹೇಳಿದ ತಂಡವೇ 2022ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ದೃಷ್ಟಿ ಕೆಟ್ಟಿದ್ದವರನ್ನೇ ತೆಗೆದುಕೊಂಡು, ಅರ್ಧ ಕಣ್ಣುಗಳಿಗೆ ಮೊದಲಿನಿಂದ ಅಫ್ಲಿಬರ್ಸೆಪ್ಟ್, ಉಳಿದವಕ್ಕೆ ಅಗ್ಗದ ಬೆವಾಸಿಝುಮ್ಯಾಬ್ ಹಾಕಿದರು. ಅಗ್ಗದ್ದು ಸಾಲದೇ ಹೋದರೆ ಮಾತ್ರ ಬದಲಾಯಿಸಿದರು. ಎರಡು ವರ್ಷದಲ್ಲಿ ಸುಮಾರು 70 ಶೇಕಡಾ ಕಣ್ಣುಗಳಿಗೆ ಬದಲಾಯಿಸಬೇಕಾಯಿತು, ನಿಜ. ಆದರೆ ದೃಷ್ಟಿಯ ಲಾಭ ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ, 15 ಮತ್ತು 14 ಅಕ್ಷರ. ಹಾಗಾಗಿ ಅಗ್ಗದ್ದರಿಂದ ಶುರು ಮಾಡಬಹುದಾ ಅಂತ ಡಾಕ್ಟರರನ್ನೇ ಕೇಳಿ. ರಾನಿಬಿಝುಮ್ಯಾಬ್‌ಗೆ ನಮ್ಮ ದೇಶದಲ್ಲೇ 2015ರಿಂದ ಬಯೋಸಿಮಿಲರ್, ಅಂದರೆ ಬೇರೆ ಕಂಪನಿ ಮಾಡಿದ ಅದರಂಥದೇ ಔಷಧಿ, ಇದೆ, ಅದರ ದರವನ್ನೂ ವಿಚಾರಿಸಿ.

ಬೆವಾಸಿಝುಮ್ಯಾಬ್‌ನ ನಿಜವಾದ ತೊಂದರೆ ಕ್ಯಾನ್ಸರ್ ಹೆಸರಲ್ಲ. ದೊಡ್ಡ ಬಾಟಲಿಯಿಂದ ಸಣ್ಣ ಸಣ್ಣ ಸಿರಿಂಜಿಗೆ ಹಂಚುತ್ತಾರೆ, ಅಲ್ಲಿ ಸ್ವಚ್ಛತೆ ತಪ್ಪಿದರೆ ಸೋಂಕು. ಎಲ್ಲಿ, ಹೇಗೆ ಹಂಚುತ್ತಾರೆ ಅಂತ ಕೇಳಲು ನಾಚಿಕೆ ಬೇಡ. ಯಾವ ಔಷಧಿಯಾದರೂ ಸರಿ, ಹಾಕಿಸಿದ ಮೇಲಿನ ವಾರದಲ್ಲಿ ನೋವು ಏರುತ್ತಾ ಹೋದರೆ, ಕಣ್ಣು ಕೆಂಪಾಗಿ ಮಂಜಾದರೆ ಅವತ್ತೇ ಹೊರಡಿ. ಭಾನುವಾರ ಅಂತ ಕಾಯಬೇಡಿ. ಇತ್ತೀಚೆಗೆ ಹೃದಯಾಘಾತ, ಲಕ್ವ ಆಗಿದ್ದರೆ ಮೊದಲೇ ತಿಳಿಸಿ.

ಸ್ಟೆಮ್ ಸೆಲ್ ಜಾಹೀರಾತು ಸುಮ್ನೆ ಅಳಿಸಿಬಿಡಿ. ಫ್ಲೋರಿಡಾದ ಒಂದು ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣಿಗೆ ಹಾಕಿಸಿಕೊಂಡು ಮೂವರು ಹೆಂಗಸರು ದೃಷ್ಟಿ ಕಳೆದುಕೊಂಡ ವರದಿ 2017ರಲ್ಲೇ ಬಂದಿದೆ. ನಿಜವಾದ ಪ್ರಯೋಗದಲ್ಲಿ ರೋಗಿಯ ಹತ್ತಿರ ಚಿಕಿತ್ಸೆಗೆ ದುಡ್ಡು ಕೇಳುವುದು ತೀರಾ ಅಪರೂಪ. ಸಾಮಾನ್ಯವಾಗಿ ಎರಡೂ ಕಣ್ಣಿಗೆ ಒಟ್ಟಿಗೆ ಹಾಕುವುದೂ ಇಲ್ಲ.

ಇನ್ನೊಂದು. ಫೆನೋಫೈಬ್ರೇಟ್ ಅಂತ ರಕ್ತದ ಕೊಬ್ಬು ಇಳಿಸುವ ಹಳೆಯ ಮಾತ್ರೆ ಇದೆ. ಸಕ್ಕರೆಯಿಂದ ಕಣ್ಣು ಈಗಷ್ಟೇ ಕೆಡಲು ಶುರುವಾದ 1,151 ಜನರ ಮೇಲೆ ಸ್ಕಾಟ್ಲೆಂಡಿನಲ್ಲಿ ನಡೆದ ಅಧ್ಯಯನ 2024ರಲ್ಲಿ ಹೊರಬಂತು. ರೋಗ ಮುಂದುವರಿಯುವ ಸಾಧ್ಯತೆ 27 ಶೇಕಡಾ ಕಡಿಮೆಯಾಯಿತು. ಇದು ಆಯಿಗಿಂತ ನಿಮ್ಮ ಮನೆಯ ಉಳಿದ ಸಕ್ಕರೆಯವರಿಗೆ ಉಪಯೋಗವಾಗಬಹುದು. ಕಿಡ್ನಿ ನೋಡಿ ಕೊಡುವ ಮಾತ್ರೆ, ತಾವೇ ಅಂಗಡಿಯಿಂದ ತರುವುದಲ್ಲ.

ಕೋಡಿಬಾಗದವ (ಕಾರವಾರ)

ನಡುವೆ ಬಾಯಿ ಹಾಕುತ್ತೇನೆ. ತಮ್ಮನಿಗೆ ಇರುಳುಗಣ್ಣು, ರೆಟಿನೈಟಿಸ್ ಪಿಗ್ಮೆಂಟೋಸಾ ಅಂದಿದ್ದಾರೆ. ಸಂಜೆ ಬಂದರಿನಲ್ಲಿ ಹಗ್ಗ ಎಡವಿ ಎರಡು ಸಲ ಬಿದ್ದ. ಅವನಿಗೂ ಇದೇ ಇಂಜೆಕ್ಷನ್ ಆಗುತ್ತದಾ?

ಅಂಕೋಲೆ ಹುಡುಗಿ

ಇಲ್ಲ ಅಣ್ಣಾ, ಅದು ಬೇರೆಯೇ ರೋಗ, ಜೀನ್‌ನಿಂದ ಬರುವುದು. 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಲಕ್ಸ್‌ಟರ್ನಾ ಅನ್ನುವ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆದರೆ ಅದು ಆರ್‌ಪಿಇ65 ಅನ್ನುವ ಒಂದೇ ಜೀನ್ ಕೆಟ್ಟವರಿಗೆ ಮಾತ್ರ, ಮಾರುಕಟ್ಟೆಗೆ ಬಂದಾಗ ಅದರ ದರ ಎರಡು ಕಣ್ಣಿಗೆ 8.5 ಲಕ್ಷ ಡಾಲರ್ ಇತ್ತು. ಈ ರೋಗ ತರುವ ಜೀನ್‌ಗಳು ಹತ್ತಾರು ಇವೆ. ತಮ್ಮನದು ಯಾವುದು ಅಂತ ರಕ್ತ ಪರೀಕ್ಷೆ ಮಾಡಿಸಿ ಇಡಿ. ಮುಂದೆ ಪ್ರಯೋಗಕ್ಕೆ ಸೇರಬೇಕಾದರೆ ಮೊದಲು ಕೇಳುವುದೇ ಅದನ್ನು.

ತೋಟದ ಮನೆಯವ (ಶಿರಸಿ)

ಚೀಟಿ ತೆಗೆದು ನೋಡಿದೆ. ಬಲಗಣ್ಣು 6/18, ಎಡಗಣ್ಣು 6/9. ಡಾಕ್ಟರರಿಗೆ ಫೋನ್ ಮಾಡಿ ಕೇಳಿದೆ. ಅಗ್ಗದ್ದರಿಂದ ಶುರು ಮಾಡಿ, ಸ್ಕ್ಯಾನ್ ನೋಡಿಕೊಂಡು ಬದಲಾಯಿಸೋಣ ಅಂದರು. ಹಂಚುವುದು ಎಲ್ಲಿ ಅಂತಲೂ ಕೇಳಿದೆ, ಬೇಸರ ಮಾಡದೆ ವಿವರಿಸಿದರು. ಇನ್ನೂರರಲ್ಲಿ ಒಂದು ಪಾಲು ಅಂದ ಕೂಡಲೇ ಆಯಿ, "ಅಷ್ಟೇಯಾ? ಹಂಗಾರೆ ಅಡ್ಡಿಲ್ಲೆ" ಅಂದಳು. ಗುರುವಾರ ಹೊರಡುತ್ತೇವೆ. ಮಾಸ್ತರ್ರೇ, ಹೋಗಿ ಬರಲು ಬಸ್ ಸಾಕಾ, ಕಾರು ಮಾಡಬೇಕಾ?

ಗಜನಿ ಮಾಸ್ತರ (ಕುಮಟಾ)

ಅಂಕೋಲೆ ತಂಗಿ ಹೇಳಿದ್ದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಬರೆದುಕೊಂಡೆ.

ಬಸ್ ಸಾಕು. ಆದರೆ ಹನಿ ಹಾಕಿ ಕಣ್ಣು ಹಿಗ್ಗಿಸಿರುತ್ತಾರೆ, ಮಧ್ಯಾಹ್ನದ ಬಿಸಿಲು ಚುಚ್ಚುತ್ತದೆ. ಕಪ್ಪು ಕನ್ನಡಕ ಚೀಲದಲ್ಲಿ ಇಟ್ಟುಕೊಳ್ಳಿ, ಕಿಟಕಿ ಬದಿ ಕೂರಿಸಬೇಡಿ. ಬಸ್ಸಿನಲ್ಲಿ ಕಣ್ಣು ಉಜ್ಜಲು ಬಿಡಬೇಡಿ. ಅಯೋಡಿನ್‌ನಿಂದ ರಾತ್ರಿ ಮರಳು ಬಿದ್ದ ಹಾಗೆ ಉರಿಯುತ್ತದೆ, ಬೆಳಗಿನೊಳಗೆ ಕಡಿಮೆ ಆಗಬೇಕು. ಮತ್ತೆ ಅಡಿಕೆಯ ಸಿಟ್ಟು ಮಾಡಿದ್ದಿರಲ್ಲ, ಹೊರಡುವ ಮೊದಲು ಅದೊಂದು ಮಾತು ಆಡಿಬಿಡಿ.