ಕಟ್ಟಡ ಕೆಲಸಕ್ಕೆ ಇಳಿಯಬೇಕೆಂದಿದ್ದೇನೆ, ಮಾಡಿದವರು ದಾರಿ ಹೇಳಿ

ಕೇಳಿದವನು: ಜೇವರ್ಗಿ ಕಡೆಯ ಹುಡುಗ

ನನಗೆ 20 ವರ್ಷ. ಈಗ ಕಲಬುರಗಿಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಪಿಯುಸಿ ಕಲಾ ವಿಭಾಗ ಮುಗಿಸಿ ಬಿ.ಎ. ಸೇರಿದ್ದೆ, ಎರಡನೇ ಸೆಮಿಸ್ಟರಿಗೆ ಬಿಟ್ಟೆ. ಊರಿನಲ್ಲಿ ನಾಲ್ಕು ಎಕರೆ ತೊಗರಿ ಹೊಲ, ಅದೂ ಮಳೆ ನಂಬಿದ್ದು. ಪಾಲಿಗೆ ನಾವು ಮೂವರು ಅಣ್ಣತಮ್ಮಂದಿರು. ಅಕ್ಕನ ಮನೆಯ ಎದುರಿಗೆ ಹೊಸ ಮನೆಯೊಂದು ಏಳುತ್ತಿದೆ. ಮೂರು ತಿಂಗಳಿಂದ ಅದನ್ನೇ ನೋಡುತ್ತಿದ್ದೇನೆ. ಪಾಯ ತೋಡಿದ ದಿನದಿಂದ ಸ್ಲ್ಯಾಬ್ ಹಾಕಿದ ದಿನದವರೆಗೆ ಒಂದು ದಿನವೂ ತಪ್ಪಿಸಿಲ್ಲ. ಈ ಕೆಲಸವನ್ನೇ ಕಲಿಯಬೇಕು ಎನಿಸಿದೆ. ಅಪ್ಪ ಮಾತ್ರ "ನಿನ್ನನ್ನು ಓದಿಸಿದ್ದು ಇಟ್ಟಿಗೆ ಹೊರಲಿಕ್ಕೇನು" ಎನ್ನುತ್ತಾರೆ. ಗೋಡೆ ಕಟ್ಟುವ ಗೌಂಡಿಯ ಕೈಕೆಳಗೆ ಸೇರಲೇ, ಐಟಿಐಗೆ ಹೋಗಲೇ, ಇಲ್ಲ ಊರಿನ ಹುಡುಗರ ಜೊತೆ ಪುಣೆಗೆ ಹೋಗಲೇ? ಸ್ವತಃ ಈ ಕೆಲಸ ಮಾಡಿದವರು ಹೇಳಬೇಕು.

ಆಳಂದ ತಾಲ್ಲೂಕಿನ ಗೌಂಡಿ, 24 ವರ್ಷದ ಕೆಲಸ

ತಮ್ಮಾ, ಅಪ್ಪನ ಮಾತಿಗೆ ಬೇಸರ ಮಾಡಿಕೊಳ್ಳಬೇಡ. ಇಟ್ಟಿಗೆ ಹೊರುವುದರಲ್ಲೇ ನಿನ್ನ ವಯಸ್ಸು ಕಳೆದುಹೋದೀತು ಎಂದು ಅವರಿಗೆ ಹೆದರಿಕೆ. ಅದು ಸುಳ್ಳು ಹೆದರಿಕೆಯೇನೂ ಅಲ್ಲ. ನಾನು ಕೆಲಸಕ್ಕೆ ಬಂದ ವರ್ಷವೇ ಬಂದ ಇಬ್ಬರು ಇವತ್ತಿಗೂ ಬೆಳಿಗ್ಗೆ ನಾಕಾದಲ್ಲಿ ಬುತ್ತಿ ಚೀಲ ಹಿಡಿದು, ಯಾರು ಕರೆದಾರು ಎಂದು ನಿಲ್ಲುತ್ತಾರೆ. ಇಬ್ಬರೂ ನನಗಿಂತ ಗಟ್ಟಿ ಆಳುಗಳು. ಹತ್ತು ರೂಪಾಯಿ ಹೆಚ್ಚು ಕೊಡುವವನ ಹಿಂದೆ ದಿನಕ್ಕೊಂದು ಕಡೆ ಹೋದರು. ನಾನು ಒಬ್ಬ ಮುದಿ ಗೌಂಡಿಯನ್ನು ಹಿಡಿದವನು ಮೂರು ವರ್ಷ ಬಿಡಲಿಲ್ಲ. ಕೂಲಿ ಕಡಿಮೆ, ಬೈಗುಳ ಧಾರಾಳ. ಆದರೆ ಎರಡನೇ ವರ್ಷಕ್ಕೆ ನನ್ನ ಕೈಗೆ ಗಾರೆ ಬಳಿಯುವ ಕರಣೆ ಬಂತು.

ಆದ್ದರಿಂದ ಗೌಂಡಿಯನ್ನು ಹುಡುಕುವಾಗ ಕೂಲಿ ಎಷ್ಟು ಎಂದು ಮೊದಲೇ ಕೇಳಬೇಡ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಸುಮ್ಮನೆ ನಿಂತು ನೋಡು. ಉಂಡು ಎದ್ದ ಮೇಲೆ ಅವನ ಹುಡುಗರಲ್ಲಿ ಯಾರಾದರೂ ಕರಣೆ ಮುಟ್ಟುತ್ತಾರೆಯೇ? ಕಾಂಪೌಂಡಿನ ಹಿಂಬದಿಯಲ್ಲಿ, ಯಾರಿಗೂ ಕಾಣದ ಕಡೆ, ಗಿಲಾವು (ಪ್ಲಾಸ್ಟರು) ಬಳಿದು ನೋಡಲು ಬಿಡುತ್ತಾನೆಯೇ? ಬಿಡುವವನಾದರೆ ಅವನ ಕಡೆ ಸೇರು. ಕರಣೆ ತೊಳೆಯಲು ಮಾತ್ರ ಕೊಡುವವನ ಬಳಿ ಹತ್ತು ವರ್ಷ ಇದ್ದರೂ ನೀನು ಬುಟ್ಟಿಯವನೇ.

ಮೊದಲು ನಾನು ಕಲಿತದ್ದು ನೀರಿನ ಪೈಪಿನಲ್ಲಿ ಮಟ್ಟ ನೋಡುವುದು. ಒಳಗಿನ ನೀರು ಕಾಣುವ ಪೈಪು, ಎರಡು ತುದಿ, ಇಬ್ಬರು ಆಳು. ಎರಡೂ ತುದಿಯಲ್ಲಿ ನೀರು ನಿಂತ ಜಾಗವೇ ಮಟ್ಟ. ಇದರಲ್ಲೇನಿದೆ ಎಂದುಕೊಂಡಿದ್ದೆ. ಒಂದು ದಿನ ಪೈಪಿನ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು, ನನಗೆ ಕಾಣಲಿಲ್ಲ. ಗೋಡೆಯ ಒಂದು ಮೂಲೆ ಮುಕ್ಕಾಲು ಇಂಚು ಮೇಲೆ ಹೋಯಿತು. ಮುದುಕ ಸಂಜೆ ಬಂದು ನೋಡಿ ಮಾತೇ ಆಡಲಿಲ್ಲ. ಸುತ್ತಿಗೆ ನನ್ನ ಕೈಗೆ ಕೊಟ್ಟು ಎರಡು ವರಸೆ ಇಟ್ಟಿಗೆ ಬಿಚ್ಚಿಸಿದ. ಮರುದಿನ ನಾನೇ ಕಟ್ಟಿದೆ. ಅಂದಿನಿಂದ ಪೈಪಿಗೆ ನೀರು ತುಂಬಿದ ಮೇಲೆ ಉದ್ದಕ್ಕೂ ಬೆರಳಿನಿಂದ ತಟ್ಟುತ್ತಾ ಹೋಗುವುದು ನನಗೆ ರೂಢಿ. ಗುಳ್ಳೆಯಿದ್ದರೆ ಮೇಲಕ್ಕೆ ಓಡುತ್ತದೆ.

ಇನ್ನೊಂದು ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ನಾನು ಸಣ್ಣ ಹುಡುಗ. ಗಡಿಯಾಚೆಯ ಊರು, ನಮ್ಮ ಮನೆಯ ಪಾತ್ರೆಗಳೂ ಉರುಳಿದ್ದವು. ಅಲ್ಲಿ ಬಹಳ ಜನ ಸತ್ತದ್ದು ಕಲ್ಲು ಮಣ್ಣಿನ ದಪ್ಪ ಗೋಡೆಗಳ ಕೆಳಗೆ. ಗೋಡೆಯ ಒಳಪದರ ಹೊರಪದರಗಳನ್ನು ಕಚ್ಚಿ ಹಿಡಿಯುವ ಉದ್ದಗಲ್ಲುಗಳನ್ನು ಇಟ್ಟಿರಲಿಲ್ಲ, ಪದರಗಳು ಬೇರೆಯಾಗಿ ಕುಸಿದವು. ನನ್ನ ಗುರು ಹಳೆಯ ಗೋಡೆ ಕಂಡಲ್ಲೆಲ್ಲ ನಿಂತು ಅದರಲ್ಲಿ ಉದ್ದಗಲ್ಲು ಎಲ್ಲಿದೆ ಎಂದು ತೋರಿಸುತ್ತಿದ್ದ. ಮದುವೆಗೆಂದು ಹೋದ ಊರಿನಲ್ಲೂ ಬಿಡುತ್ತಿರಲಿಲ್ಲ.

ಎಲೆಕ್ಟ್ರಿಷಿಯನ್, ಐಟಿಐ ಮುಗಿಸಿದವನು

ಗೌಂಡಿಯಣ್ಣನ ಮಾತು ಗೌಂಡಿ ಕೆಲಸಕ್ಕೆ ಸರಿ. ವಿದ್ಯುತ್ ಕೆಲಸವನ್ನು ಮಾತ್ರ ನೋಡಿ ನೋಡಿ ಕಲಿಯುತ್ತೇನೆ ಎಂದು ಹೊರಡಬೇಡಿ. ಇಲ್ಲಿ ತಪ್ಪಾದರೆ ಎರಡು ವರಸೆ ಬಿಚ್ಚಿ ಕಟ್ಟುವ ಅವಕಾಶ ಇರುವುದಿಲ್ಲ.

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಎರಡು ವರ್ಷ, ಪ್ಲಂಬರ್ ಒಂದು ವರ್ಷ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡುತ್ತಾರೆ, ಆದ್ದರಿಂದ ಪಿಯುಸಿಯಲ್ಲಿ ಕಲಾ ವಿಭಾಗ ಎಂಬುದು ಅಡ್ಡ ಬರುವುದಿಲ್ಲ. 20 ವರ್ಷವಾಯಿತು ಎಂಬುದೂ ಅಷ್ಟೇ. ನನ್ನ ಬೆಂಚಿನಲ್ಲಿ ಮದುವೆಯಾಗಿ ಮಗುವಿದ್ದವರು ಇದ್ದರು. ಕಲಬುರಗಿಯಲ್ಲಿ ಸರ್ಕಾರಿ ಐಟಿಐ ಇದೆ, ಶುಲ್ಕ ಭಾರವಾಗುವಂಥದ್ದಲ್ಲ. ನಾನು ಭಾನುವಾರ ಮತ್ತು ರಜೆಗಳಲ್ಲಿ ಒಬ್ಬ ಗುತ್ತಿಗೆದಾರರ ಜೊತೆ ಪೈಪು ಹಾಕಲು ಹೋಗುತ್ತಿದ್ದೆ. ತರಗತಿಯಲ್ಲಿ ಅರ್ಥಿಂಗ್ ಏಕೆ ಎಂದು ಕೇಳಿದ್ದು ಸೈಟಿನಲ್ಲಿ ಅರ್ಥವಾಗುತ್ತಿತ್ತು, ಸೈಟಿನಲ್ಲಿ ಕಂಡ ಅಡ್ಡಾದಿಡ್ಡಿ ಕೆಲಸದ ತಪ್ಪು ತರಗತಿಯಲ್ಲಿ ತಿಳಿಯುತ್ತಿತ್ತು. ಎರಡೂ ಕೂಡಿಯೇ ನಾನು ಕಲಿತೆ.

ಕಾಗದದ ಬೆಲೆ ಆಮೇಲೆ ಗೊತ್ತಾಗುತ್ತದೆ. ಹೊಸ ಮನೆಗೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನಿಂದ ಸಂಪರ್ಕ ಬೇಕಾದರೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಸಹಿ ಬೇಕು. ಇಡೀ ಮನೆಗೆ ತಂತಿ ಎಳೆದವನು ಹೊರಗೆ ನಿಂತಿರುತ್ತಾನೆ, ಸಹಿ ಹಾಕಿದವನು ಹಣ ಎಣಿಸುತ್ತಾನೆ. ಇದನ್ನು ನಾಲ್ಕು ವರ್ಷ ನೋಡಿದ ಮೇಲೆ ನನಗೆ ಬುದ್ಧಿ ಬಂತು.

ಸ್ಲ್ಯಾಬ್ ಹಾಕುವ ಹಿಂದಿನ ರಾತ್ರಿ ಫ್ಯಾನ್ ಪೆಟ್ಟಿಗೆಗಳನ್ನು ಎಣಿಸಿ ಮಲಗಿ. ಒಂದು ಮರೆತರೆ ಆಮೇಲೆ ಕಾಂಕ್ರೀಟು ಕೆತ್ತಬೇಕು, ಮನೆಯವರು ಜನ್ಮವಿಡೀ ಆ ಫ್ಯಾನ್ ನೋಡಿದಾಗಲೆಲ್ಲ ನಿಮ್ಮನ್ನು ನೆನೆಯುತ್ತಾರೆ.

ಸೈಟ್ ಎಂಜಿನಿಯರ್, ಸಿವಿಲ್ ಡಿಪ್ಲೊಮಾ

ನನ್ನ ತಾಯಿ ಇದೇ ಊರಿನಲ್ಲಿ ಹದಿನೈದು ವರ್ಷ ಬುಟ್ಟಿ ಹೊತ್ತವರು. ಕಾಂಕ್ರೀಟು ತುಂಬಿದ ಬುಟ್ಟಿ ಹೊತ್ತು ಏಣಿ ಹತ್ತುವಾಗ ಒಂದು ಕೈಯಲ್ಲೂ ಏಣಿ ಹಿಡಿಯುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಯಾರೂ ಅವರ ಕೈಗೆ ಕರಣೆ ಕೊಡಲಿಲ್ಲ. ಹೆಂಗಸರಿಗೆ ಕರಣೆ ಕೊಡುವ ಪದ್ಧತಿಯೇ ಇಲ್ಲ, ಕೂಲಿಯೂ ಗಂಡಸರಿಗಿಂತ ಕಡಿಮೆ. ಗೌಂಡಿಯಣ್ಣ ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನಿಮಗೆ ಕರಣೆ ಕೇಳುವ ಅವಕಾಶವಾದರೂ ಇದೆ, ಸಂಕೋಚಪಡದೆ ಕೇಳಿ.

ನೀವು ಪಿಯುಸಿ ಓದಿದ್ದೀರಿ, ಅದು ವ್ಯರ್ಥವಲ್ಲ. ಜೇಬಿನಲ್ಲಿ ಸಣ್ಣ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್ ಇರಲಿ. ಮೂಲೆ ಸರಿಯಾಗಿದೆಯೇ ನೋಡಲು ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ ಅಳೆಯುತ್ತಾರಲ್ಲ, ನಡುವೆ 5 ಅಡಿ ಬರಬೇಕು. ಅದು ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಪೈಥಾಗೊರಸ್ ಪ್ರಮೇಯವೇ. ಉಸುಕು, ಖಡಿ (ಜಲ್ಲಿ) ಲೆಕ್ಕ ಇಲ್ಲಿ ಬ್ರಾಸಿನಲ್ಲಿ ನಡೆಯುತ್ತದೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಬಂದ ಟ್ರ್ಯಾಕ್ಟರಿನ ಡಬ್ಬಿಯನ್ನು ಟೇಪು ಹಿಡಿದು ಅಳೆದು ನೋಡುವವನಿಗೆ ಮಾಲೀಕರು ಬೇಗ ಹೆಚ್ಚು ಕೆಲಸ ಒಪ್ಪಿಸುತ್ತಾರೆ. ಟ್ರ್ಯಾಕ್ಟರಿನವನು ಮಾತ್ರ ಮುಖ ಸಿಂಡರಿಸುತ್ತಾನೆ.

ಮಣ್ಣನ್ನು ಓದಲು ಕಲಿಯಿರಿ. ಜೇವರ್ಗಿಯವರಾದ ನಿಮಗೆ ಎರೆಭೂಮಿಯ ಬಗ್ಗೆ ನಾನೇನು ಹೇಳಲಿ! ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗೆ ಉಬ್ಬಿ ಹಿಟ್ಟಿನಂತಾಗುತ್ತದೆ. ತೊಗರಿಗೆ ಅದು ತಾಯಿ, ಗೋಡೆಗೆ ವೈರಿ. ಆ ಮಣ್ಣಿನ ಮೇಲೆಯೇ ಪಾಯ ಕೂರಿಸಿದರೆ ಮೂರು ಮಳೆಗಾಲದಲ್ಲಿ ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಕೆಳಗೆ ಮೊರಂ ಎಂಬ ಗರಸು ಮಣ್ಣು ಅಥವಾ ಗಟ್ಟಿ ಪದರ ಸಿಗುವವರೆಗೆ ಇಳಿಯಬೇಕು, ಅದು ಬಹಳ ಆಳವಿದ್ದರೆ ಬೇರೆ ಬಗೆಯ ಪಾಯ ಬೇಕಾಗುತ್ತದೆ. ಈ ಮಾತನ್ನು ಮನೆ ಕಟ್ಟಿಸುವವರಿಗೆ ಧೈರ್ಯವಾಗಿ ಹೇಳಬಲ್ಲ ಗೌಂಡಿ ನಮ್ಮಲ್ಲಿ ಕಡಿಮೆ. ಹೆಚ್ಚಿನವರು "ಆಗುತ್ತದೆ ಬಿಡಿ" ಎನ್ನುತ್ತಾರೆ.

ಬಿಸಿಲಿನ ವಿಷಯ: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಅದೂ ಫ್ಯಾನಿನ ಕೆಳಗೆ. ಸೈಟಿನಲ್ಲಿ ಬೆಳಕು ಹರಿಯುತ್ತಲೇ ಶುರು ಮಾಡಿ ನಡುಮಧ್ಯಾಹ್ನ ನೆರಳಿಗೆ ಸರಿಯುವ ಮೇಸ್ತ್ರಿಯನ್ನು ನೋಡಿಕೊಳ್ಳಿ. ಕಾಂಕ್ರೀಟಿಗೂ ಅದೇ ಒಳ್ಳೆಯದು. ಹಾಕಿದ ಸ್ಲ್ಯಾಬ್ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತದ್ದಕ್ಕೆ 10 ದಿನ, ನಮ್ಮ ಬೇಸಿಗೆಗೆ 14 ದಿನ ಎಂದೇ ಇಟ್ಟುಕೊಳ್ಳಿ.

ಪುಣೆಯಿಂದ ಮರಳಿದ ಕಂಬಿ ಕೆಲಸದವನು, ಯಾದಗಿರಿ

ಪುಣೆಗೆ ಹೋಗುವ ಮಾತು ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಹೋಗಬೇಡ ಎನ್ನುವುದಿಲ್ಲ. ನಾನು ಅಲ್ಲಿ ಹೋಗದಿದ್ದರೆ ಹದಿನಾಲ್ಕು ಮಹಡಿಯ ಕಟ್ಟಡಕ್ಕೆ ಕಂಬಿ ಕಟ್ಟುವುದನ್ನು ಎಲ್ಲಿ ನೋಡುತ್ತಿದ್ದೆ? ನಕ್ಷೆ ಓದಲು ಕಲಿತದ್ದು ಅಲ್ಲಿಯೇ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿಲಿಮೀಟರಿನ 12 ಮೀಟರ್ ಕಂಬಿ ಸುಮಾರು 10.66 ಕಿಲೋ. ಅಂಗಡಿಯವನು ತೂಗುವ ಮೊದಲೇ ನನಗೆ ತೂಕ ಗೊತ್ತಿರುತ್ತದೆ.

ಆದರೆ ಮೊದಲ ಸಲ ಹೋಗುವಾಗ ಊರಿನಲ್ಲಿಯೇ ಮುಂಗಡ ತೆಗೆದುಕೊಂಡಿದ್ದೆ. ಮುಂಗಡ ತೆಗೆದುಕೊಂಡವನು ಬಿಟ್ಟು ಬರಲಾರ. ಎಂಟು ತಿಂಗಳು ಕಂಬಿ ಹೊತ್ತೆ, ಕಟ್ಟಲು ಬಿಡಲಿಲ್ಲ. ಮೇಲಿನಿಂದ ಹಲಗೆ ಜಾರಿ ಬಿದ್ದು ಎಡಗೈಯ ಮಣಿಕಟ್ಟು ಮುರಿಯಿತು. ಕರೆದೊಯ್ದವನು ಆಸ್ಪತ್ರೆಯ ಬಾಗಿಲವರೆಗೆ ಬಂದು ಅಲ್ಲಿಂದ ಮಾಯವಾದ. ಎರಡು ತಿಂಗಳ ಕೂಲಿಯ ಲೆಕ್ಕ ಅವನ ಪುಸ್ತಕದಲ್ಲಿತ್ತು, ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ.

ಎರಡನೇ ಸಲ ಹೋದಾಗ ಮುಂಗಡ ಮುಟ್ಟಲಿಲ್ಲ. ನನ್ನದೇ ಹಾಜರಿ ಪುಸ್ತಕ ಇಟ್ಟು ಶನಿವಾರಕ್ಕೊಮ್ಮೆ ಮೇಸ್ತ್ರಿಯ ಸಹಿ ಹಾಕಿಸಿದೆ. ಮೊದಲು ಗೊಣಗಿದ, ಆಮೇಲೆ ತಾನೇ ಪೆನ್ನು ಕೇಳುತ್ತಿದ್ದ.

ಇಲ್ಲಿಯೇ ಇದ್ದರೂ ಕಾರ್ಮಿಕ ಕಾರ್ಡು ಮಾಡಿಸು. 1996ರ ಕೇಂದ್ರ ಕಾಯ್ದೆಯಂತೆ ಕರ್ನಾಟಕದಲ್ಲಿ 2007ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಆಯಿತು. 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. ಅಪಘಾತಕ್ಕೆ ಪರಿಹಾರ, ಮಕ್ಕಳ ಓದಿಗೆ ನೆರವು, 60 ದಾಟಿದ ಮೇಲೆ ಪಿಂಚಣಿ ಇದೆ. ನಮ್ಮ ಓಣಿಯಲ್ಲಿ ಇಟ್ಟಿಗೆಯನ್ನೇ ಮುಟ್ಟದವರು ಕಾರ್ಡು ಮಾಡಿಸಿಕೊಂಡು ತಿರುಗುತ್ತಾರೆ; ಕೈ ಮುರಿದ ನನ್ನ ಬಳಿ ಆಗ ಅದು ಇರಲಿಲ್ಲ.

ಗೌಂಡಿ ಕೆಲಸ ಕೈಗೆ ಹತ್ತಿದ ಮೇಲೆ ಪಿಎಂ ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸು. 2023ರಲ್ಲಿ ಶುರುವಾದದ್ದು. ಅದರ 18 ಕಸುಬುಗಳಲ್ಲಿ ಗೌಂಡಿಯೂ ಬಡಗಿಯೂ ಇದ್ದಾರೆ. ಸಲಕರಣೆಗೆ 15,000 ರೂಪಾಯಿ, ತರಬೇತಿಯ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ. ಒಂದು ಕುಟುಂಬಕ್ಕೆ ಒಬ್ಬರೇ, ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಪರ್ಸಿ ಹಾಸುವವನು, ಶಹಾಬಾದ್

ಚಿಕ್ಕ ಮಾತು. ನಮ್ಮ ಕಡೆಯ ಕಲ್ಲಿನ ಕೆಲಸವನ್ನೂ ಮರೆಯಬೇಡ. ಪರ್ಸಿ, ಅಂದರೆ ನೆಲದ ಕಲ್ಲು, ಹಾಸಿ ಪಾಲಿಶ್ ಮಾಡುವವರಿಗೆ ಕೆಲಸ ತಪ್ಪಿಲ್ಲ. ಆದರೆ ಯಾವ ಕಲ್ಲನ್ನೂ ಒಣಗಿದ್ದಾಗ ಯಂತ್ರದಲ್ಲಿ ಕೊಯ್ಯಬೇಡ, ನೀರು ಬಿಡುತ್ತಾ ಕೊಯ್ಯಿ. ಗ್ರಾನೈಟ್, ಟೈಲ್ಸ್ ಆದರಂತೂ ಆ ಧೂಳು ಎದೆಯಲ್ಲಿ ಕೂತರೆ ಇಳಿಯುವುದಿಲ್ಲ. ಟವೆಲು ಸುತ್ತಿಕೊಂಡರೆ ಸಾಲದು, ಸರಿಯಾದ ಮಾಸ್ಕು ಬೇಕು. ನನ್ನ ದೊಡ್ಡಪ್ಪ ಈಗ ಹತ್ತು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾರೆ. ಸಿಮೆಂಟಿನಲ್ಲಿ ಬರಿಗೈ, ಬರಿಗಾಲು ಇಡಬೇಡ; ಚರ್ಮ ಸುಡುವುದು ಆಗಲೇ ಗೊತ್ತಾಗುವುದಿಲ್ಲ, ರಾತ್ರಿ ಗೊತ್ತಾಗುತ್ತದೆ.

ಕೇಳಿದವನು

ಎಲ್ಲರಿಗೂ ಶರಣು. ನಿನ್ನೆ ಮಧ್ಯಾಹ್ನ ಎದುರಿನ ಕಟ್ಟಡಕ್ಕೆ ಊಟದ ಹೊತ್ತಿಗೆ ಹೋಗಿ ನಿಂತಿದ್ದೆ. ಏನೂ ಕೇಳಲಿಲ್ಲ. ನನ್ನಷ್ಟೇ ವಯಸ್ಸಿನ ಒಬ್ಬ ಹಿಂಗೋಡೆಗೆ ಗಿಲಾವು ಬಳಿಯುತ್ತಿದ್ದ, ಅರ್ಧಕ್ಕರ್ಧ ಕೆಳಗೆ ಬಿತ್ತು. ಗೌಂಡಿ ಬೀಡಿ ಸೇದುತ್ತಾ ಕೂತಿದ್ದವರು ಕೂತಲ್ಲಿಂದಲೇ "ಗೋಡೆಗೆ ನೀರು ಕುಡಿಸಿದ್ದೀಯೇನು?" ಎಂದರು. ಅವನು ಕೊಡ ತಂದು ಗೋಡೆ ನೆನೆಸಿ ಮತ್ತೆ ಬಳಿದ. ಈ ಸಲ ನಿಂತಿತು. ಅಲ್ಲಿಯೇ ಸೇರಬೇಕೆಂದಿದ್ದೇನೆ. ಐಟಿಐ ಅರ್ಜಿ ಕರೆದಾಗ ಪ್ಲಂಬರ್‌ಗೂ ಹಾಕಿಡುತ್ತೇನೆ. ನಾಡಿದ್ದು ಅಪ್ಪ ತೊಗರಿ ಮಾರಲು ಇಲ್ಲಿನ ಗಂಜ್ ಮಾರುಕಟ್ಟೆಗೆ ಬರುತ್ತಿದ್ದಾರೆ, ಅವರಿಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ.

ಆಳಂದ ತಾಲ್ಲೂಕಿನ ಗೌಂಡಿ

ಏನೂ ಹೇಳಬೇಡ. ಮಧ್ಯಾಹ್ನ ಅಲ್ಲಿಗೇ ಕರೆದುಕೊಂಡು ಹೋಗು, ಅವರೂ ನಿಂತು ನೋಡಲಿ. ಮತ್ತೆ, ಸೇರುವ ಮೊದಲು ದಪ್ಪ ಅಡಿಯ ಬೂಟು ಕೊಂಡುಕೋ. ಸ್ಲ್ಯಾಬಿಗೆ ಆಸರೆ ಕೊಡುವ ಸೆಂಟ್ರಿಂಗ್ ಹಲಗೆಯ ಮೊಳೆಗೆ ಚಪ್ಪಲಿ ಲೆಕ್ಕಕ್ಕಿಲ್ಲ.