ಕೂಸಿನ ಗೋಣು ಇನ್ನೂ ನಿಂತಿಲ್ಲ: ಮಕ್ಕಳ ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ಒಬ್ಬ ತಾಯಿ): ಡಾಕ್ಟರರಿಗೆ ನಮಸ್ಕಾರ. ನನ್ನ ಚೊಚ್ಚಲ ಮಗಳಿಗೆ ಮೊನ್ನೆ ನಾಲ್ಕು ತಿಂಗಳು ತುಂಬಿದವು. 35ನೇ ವಾರಕ್ಕೇ ರಾಯಚೂರಿನಲ್ಲಿ ಹೆರಿಗೆಯಾಯಿತು. ಹುಟ್ಟಿದಾಗ ಕೂಸಿನ ತೂಕ 2 ಕಿಲೋ 100 ಗ್ರಾಂ ಇತ್ತು. ಎರಡೂವರೆ ತಿಂಗಳಿಗೆ ನಗಲು ಆರಂಭಿಸಿದಳು, ಮಾತನಾಡಿಸಿದರೆ ‘ಊಂ, ಆ’ ಎಂದು ದನಿಗೂಡಿಸುತ್ತಾಳೆ. ಆದರೆ ಎತ್ತಿಕೊಂಡರೆ ಗೋಣು ಇನ್ನೂ ಓಲಾಡುತ್ತದೆ. ಅಕ್ಕನ ಮಗ ಇದೇ ವಯಸ್ಸಿಗೆ ಬೋರಲು ಬೀಳುತ್ತಿದ್ದ. ಎರೆಯಲು ಬರುವ ಅಜ್ಜಿಯವರು “ಎಣ್ಣಿ ಸರಿಯಾಗಿ ತಿಕ್ಕಿಲ್ಲ, ಅದಕ್ಕ ಗೋಣು ನಿಂತಿಲ್ಲ” ಎನ್ನುತ್ತಾರೆ. ನಾನು ಹೆದರಬೇಕೇ?

ಉತ್ತರ: ನಮಸ್ಕಾರ ತಾಯಿ. ಮೊದಲು ನಿಮ್ಮ ಮಗಳ ವಯಸ್ಸನ್ನು ಬೇರೊಂದು ರೀತಿಯಲ್ಲಿ ಎಣಿಸೋಣ. ದಿನ ತುಂಬಿದ ಹೆರಿಗೆಗೆ 40 ವಾರವೆಂದು ಲೆಕ್ಕ ಹಿಡಿದರೆ ಆಕೆ 5 ವಾರ ಮೊದಲೇ ಬಂದವಳು. ನಾಲ್ಕು ತಿಂಗಳೆಂದರೆ ಸುಮಾರು 17 ವಾರ; ಅದರಲ್ಲಿ ಆ 5 ವಾರವನ್ನು ಕಳೆದರೆ ಬೆಳವಣಿಗೆಯ ಮಟ್ಟಿಗೆ ಆಕೆಗೆ ಈಗ 12 ವಾರ, ಅಂದರೆ ಇನ್ನೂ ಮೂರು ತಿಂಗಳು ಸಹ ತುಂಬಿಲ್ಲ. ದಿನ ತುಂಬುವ ಮೊದಲು ಹುಟ್ಟಿದ ಮಕ್ಕಳನ್ನು ಎರಡು ವರ್ಷದವರೆಗೂ ಹೀಗೆ ಕಳೆದು ನೋಡುವುದೇ ವಾಡಿಕೆ. (ಲಸಿಕೆಗೆ ಮಾತ್ರ ಈ ಲೆಕ್ಕ ಸಲ್ಲದು. 6, 10 ಮತ್ತು 14ನೇ ವಾರದ ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. ತಾಯಿ ಕಾರ್ಡನ್ನು ಒಮ್ಮೆ ತೆರೆದು ನೋಡಿಕೊಳ್ಳಿ.) ಇದೇ ಲೆಕ್ಕದಲ್ಲಿ ಆಕೆ ನಕ್ಕದ್ದು ಸುಮಾರು ಆರನೆಯ ವಾರಕ್ಕೆ, ಅದು ಸರಿಯಾದ ಸಮಯವೇ.

ಗೋಣು ನಿಲ್ಲುವುದು ಒಂದೇ ದಿನದಲ್ಲಿ ನಡೆಯುವ ಕೆಲಸವಲ್ಲ. ಬೋರಲು ಮಲಗಿಸಿದಾಗ ಮೊದಲ ತಿಂಗಳ ಕೂಸು ಗದ್ದವನ್ನಷ್ಟೇ ಕ್ಷಣಕಾಲ ಎತ್ತುತ್ತದೆ, ಎರಡನೆಯ ತಿಂಗಳಿಗೆ ಮುಖವನ್ನು ಇನ್ನೂ ಮೇಲಕ್ಕೆತ್ತುತ್ತದೆ, ಮೂರರಿಂದ ನಾಲ್ಕು ತಿಂಗಳೊಳಗೆ ಮೊಳಕೈ ಊರಿ ಎದೆಯನ್ನೂ ಎತ್ತಿ ಸುತ್ತ ನೋಡುತ್ತದೆ. ನೀವು ಗಮನಿಸಬೇಕಾದದ್ದು ಅಕ್ಕನ ಮಗನನ್ನಲ್ಲ, ಕಳೆದ ತಿಂಗಳಿಗಿಂತ ಈ ತಿಂಗಳು ನಿಮ್ಮ ಮಗಳ ಓಲಾಟ ಕಡಿಮೆಯಾಗಿದೆಯೇ ಎಂಬುದನ್ನು. ಮಕ್ಕಳ ನಡುವಿನ ಅಂತರ ನಾವು ಎಣಿಸುವುದಕ್ಕಿಂತ ದೊಡ್ಡದು. ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ವಿವರದಲ್ಲಿ, ಆಸರೆಯಿಲ್ಲದೆ ಕೂರುವ ವಯಸ್ಸು 3.8 ತಿಂಗಳಿನಿಂದ 9.2 ತಿಂಗಳಿನವರೆಗೂ ಹರಡಿಕೊಂಡಿದೆ.

ಎಣ್ಣೆಯ ವಿಷಯದಲ್ಲಿ ಅಜ್ಜಿಯವರನ್ನು ನೋಯಿಸಬೇಕಾಗಿಲ್ಲ. ಹಗುರವಾಗಿ ತಿಕ್ಕಿದರೆ ಕೂಸಿಗೆ ಹಿತ. ಆದರೆ ಗೋಣು ನಿಲ್ಲುವುದೂ ನಿಲ್ಲದಿರುವುದೂ ಎಣ್ಣೆಯಿಂದಲ್ಲ. ಗೋಣು ಹಿಡಿದು ಎಳೆಯುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು ಬೇಡವೇ ಬೇಡ. ಗೋಣಿಗೆ ಬೇಕಾದದ್ದು ಅಭ್ಯಾಸ. ದಿನವಿಡೀ ಸೀರೆಯ ಜೋಳಿಗೆಯಲ್ಲಿ ಮುದುಡಿ ಮಲಗುವ ಕೂಸಿಗೆ ತಲೆ ಎತ್ತುವ ಪ್ರಸಂಗವೇ ಬರುವುದಿಲ್ಲ. ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ, ಎಚ್ಚರವಾಗಿರುವಾಗ, ನೆಲದ ಮೇಲೆ ಕೌದಿ ಹಾಸಿ ಎರಡು ಮೂರು ನಿಮಿಷ ಬೋರಲು ಮಲಗಿಸಿ ಎದುರಿಗೆ ನೀವೂ ಮಲಗಿ ಮಾತನಾಡಿಸಿ. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಬಹುದು. ಪಕ್ಕದಿಂದ ಏಳಬೇಡಿ, ಮತ್ತು ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ ಮಲಗಿಸಿ. ಇನ್ನು ಐದು ವಾರ ಕಳೆದರೂ ಓಲಾಟ ಹಾಗೆಯೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಅದೇ ತಾಯಿ: ತುಂಬಾ ಧೈರ್ಯ ಬಂತು ಸರ್. ಇನ್ನೊಂದು ಮಾತು. ಬಲಗೈ ಬಿಚ್ಚಿ ನನ್ನ ಬಳೆ ಹಿಡಿಯುತ್ತಾಳೆ, ಎಡಗೈ ಮಾತ್ರ ಯಾವಾಗಲೂ ಬಿಗಿ ಮುಷ್ಟಿ. ಬಲಗೈ ವಾಡಿಕೆಯವಳು ಎಂದು ಮನೆಯವರು ಸಂತೋಷಪಡುತ್ತಿದ್ದಾರೆ.

ಉತ್ತರ: ಇದನ್ನು ಮೊದಲೇ ಬರೆದಿದ್ದರೆ ಐದು ವಾರ ಕಾಯಿರಿ ಎಂದು ನಾನು ಹೇಳುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಎರಡೂ ಕೈ ಆಗಾಗ ಮುಷ್ಟಿಯಾಗುವುದು ಸಹಜ, ಆದರೆ ಒಂದು ಕೈ ಬಿಚ್ಚಿ ಇನ್ನೊಂದು ಸದಾ ಮುಚ್ಚಿರುವುದನ್ನು ವಾರಗಳ ಲೆಕ್ಕದಿಂದ ವಿವರಿಸಲಾಗದು. ಒಂದು ವರ್ಷಕ್ಕೆ ಮೊದಲು ಕೂಸಿಗೆ ಎಡಗೈ, ಬಲಗೈ ಎಂಬ ವಾಡಿಕೆ ಇರುವುದಿಲ್ಲ. ಇದ್ದಂತೆ ಕಂಡರೆ ಬಳಸದ ಕೈಯನ್ನು ಪರೀಕ್ಷಿಸಬೇಕು. ಹೆರಿಗೆಯ ವೇಳೆ ಭುಜದ ನರಕ್ಕೆ ಬಿದ್ದ ಸೆಳೆತದಿಂದ ಹಿಡಿದು ಮಿದುಳಿಗೆ ಸಂಬಂಧಿಸಿದ ಕಾರಣದವರೆಗೆ ಏನೂ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಬರಹ ಓದಿ ನಾನು ತೀರ್ಮಾನಿಸಲಾರೆ. ಈ ವಾರವೇ ತೋರಿಸಿ, ಅದೇ ಬದಿಯ ಕಾಲಿನ, ಅಂದರೆ ಎಡಗಾಲಿನ ಆಟವೂ ಕಡಿಮೆಯೇ ಎಂದು ಇಂದೇ ನೋಡಿಟ್ಟುಕೊಳ್ಳಿ. ಹೆರಿಗೆಯ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ಮರೆಯದೆ ಒಯ್ಯಿರಿ. ಕೂಸು ಕೈಕಾಲು ಆಡಿಸುವಾಗ ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರೀಕರಿಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಡಾಕ್ಟರರ ಮುಂದೆ ಮಕ್ಕಳು ಅಳುವುದೇ ಹೆಚ್ಚು.

ಪ್ರಶ್ನೆ (ಗಂಗಾವತಿಯ ಒಬ್ಬ ತಂದೆ): ದಿನ ತುಂಬಿ ಹುಟ್ಟಿದ ಮಗನಿಗೆ ಐದು ತಿಂಗಳು. ಮುಖ ನೋಡಿ ನಗುತ್ತಾನೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ತಟ್ಟೆ ಬಡಿದರೆ ಬೆಚ್ಚುತ್ತಾನೆ. ಹಾಗಾದರೆ ಕಿವಿ ಕೇಳಿಸುತ್ತದೆ ಎಂದಲ್ಲವೇ?

ಉತ್ತರ: ಅಲ್ಲ. ಬಡಿಯುವ ಕೈ ಕಣ್ಣಿಗೆ ಬಿದ್ದರೂ ಕೂಸು ಬೆಚ್ಚುತ್ತದೆ. ಮಾತಿನ ದನಿ ಕೇಳದ ಮಗುವಿಗೂ ಅಷ್ಟು ದೊಡ್ಡ ಸದ್ದು ಕೇಳಬಹುದು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷವಿದೆಯೇ ಎಂಬ ಖಚಿತತೆ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ಒಪ್ಪಿತವಾದ ಕ್ರಮ. ನಿಮಗೆ ಉಳಿದಿರುವುದು ಒಂದೇ ತಿಂಗಳು. ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ, ಮಕ್ಕಳ ವಿಭಾಗದಲ್ಲಿ ತೋರಿಸಿ ಕಿವಿಯ ಪರೀಕ್ಷೆಯನ್ನು ಕೇಳಿ. ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ಅಳೆಯುವ ಬೆರಾ (BERA) ಎಂಬ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ಅವರೇ ಬರೆದುಕೊಡುತ್ತಾರೆ. ಅದನ್ನು ಕೂಸು ನಿದ್ದೆಯಲ್ಲಿರುವಾಗ ಮಾಡುತ್ತಾರೆ. ಆದ್ದರಿಂದ ಆ ದಿನ ಬಸ್ಸಿನಲ್ಲಿ ಮಲಗಲು ಬಿಡಬೇಡಿ. ಅಲ್ಲಿಗೆ ತಲುಪಿದ ಮೇಲೆ ತಾಯಿ ಹಾಲು ಕುಡಿಸಿ ಮಲಗಿಸಲಿ.